ಹೆಸರು ಹುಡುಕಲು ಇಷ್ಟು ಹೊತ್ತು ಯಾಕೆ?

ಈ ತಿಂಗಳ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ಐದು ಪತ್ರಗಳು ಬೇರೆ ಬೇರೆ ರೀತಿಯಲ್ಲಿ ಒಂದೇ ತೊಂದರೆ ಹೇಳುತ್ತಿರುವುದು ಕಂಡಿತು. ಕಂಪ್ಯೂಟರ್ ಚೆನ್ನಾಗಿದೆ, ಕೇಬಲ್ ಸರಿ ಇದೆ, ಆದರೆ ಯೂಸರ್ ಹೆಸರೋ ಗ್ರೂಪ್ ಹೆಸರೋ ಬರಬೇಕಾದ ಜಾಗದಲ್ಲಿ ಎಲ್ಲಾ ನಿಂತುಬಿಡುತ್ತದೆ. ಐದೂ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವೇ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಪುಟಗಳನ್ನು ಪೂರ್ತಿ ಇದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಸರ್, ನಮಸ್ಕಾರ. ನಾನು ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. 60 ಲಿನಕ್ಸ್ ಕಂಪ್ಯೂಟರ್ ಇವೆ. ಹುಡುಗರ ಖಾತೆಗಳೆಲ್ಲ ಒಂದೇ ಎಲ್‌ಡ್ಯಾಪ್ ಸರ್ವರಿನಲ್ಲಿವೆ, ಆ ಸರ್ವರನ್ನು ಕೇಳಿ ಬರಲು ಪ್ರತಿ ಕಂಪ್ಯೂಟರಿನಲ್ಲೂ ಎನ್‌ಎಸ್‌ಎಲ್‌ಸಿಡಿ ಅನ್ನುವ ಪ್ರೋಗ್ರಾಮ್ ಹಾಕಿದ್ದೇವೆ. ಎರಡು ತಿಂಗಳಿಂದ ಲಾಗಿನ್ ಆಗಲು 10 ಸೆಕೆಂಡು, ಕೆಲವು ಸಲ 20 ಸೆಕೆಂಡು ಬೇಕು. ಎಲ್ಲರೂ ಸೇವ್ ಮಾಡುವ ಫೋಲ್ಡರಿನಲ್ಲಿ ಫೈಲುಗಳ ಪಟ್ಟಿ ನೋಡಲು ‘ಎಲ್‌ಎಸ್ -ಎಲ್’ ಕೊಟ್ಟರೆ ಪರದೆ ಸುಮ್ನೆ ನಿಲ್ಲುತ್ತದೆ. ರ್ಯಾಮ್ ಜಾಸ್ತಿ ಮಾಡಿಸಿದೆವು, ಸ್ವಿಚ್ ಬದಲಿಸಿದೆವು, ಏನೂ ಆಗಲಿಲ್ಲ. ಲ್ಯಾಬ್ ಪರೀಕ್ಷೆ ಹತ್ತಿರ ಬಂದಿದೆ, ಏನು ಮಾಡಲಿ? (ನವನಗರ, ಬಾಗಲಕೋಟೆ)

ಉತ್ತರ: ರ್ಯಾಮ್ ಹಾಕಿಸಿದ್ದು ಬೇರೆ ಕೆಲಸಕ್ಕೆ ಬರುತ್ತದೆ, ಬಿಡಿ. ಆದರೆ ಈ ರೋಗಕ್ಕೆ ಅದು ಮದ್ದಲ್ಲ. ನಿಮ್ಮ ಕಂಪ್ಯೂಟರ್ ಕೆಲಸದ ಭಾರಕ್ಕೆ ನಿಧಾನ ಆಗಿಲ್ಲ. ಕೆಲಸ ನಿಲ್ಲಿಸಿ, ಯಾರೋ ಕೊಡಬೇಕಾದ ಉತ್ತರಕ್ಕೆ ಕಾಯುತ್ತಾ ಕೂತಿದೆ. ಯಾರ ಉತ್ತರಕ್ಕೆ ಅನ್ನುವುದು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿಯಿತು. ಗೊತ್ತಾಗುವ ಮುಂಚೆ ದಯವಿಟ್ಟು ಏನನ್ನೂ ಬದಲಿಸಬೇಡಿ.

ಹೊಲಕ್ಕೆ ಸರ್ವೆ ನಂಬರ್ ಇರುತ್ತದೆ ಅಲ್ವಾ? ಬದುವಿನ ಕಲ್ಲಿನ ಮೇಲೆ ಮಾಲೀಕರ ಹೆಸರು ಇರುವುದಿಲ್ಲ. ಹೊಲ ಯಾರದು ಅಂತ ತಿಳಿಯಬೇಕಾದರೆ ಉತಾರ, ಅಂದರೆ ಪಹಣಿ ತೆಗೆಸಬೇಕು. ಲಿನಕ್ಸಿನಲ್ಲೂ ಹೀಗೇ. ಡಿಸ್ಕಿನಲ್ಲಿ ಫೈಲಿನ ಜೊತೆ ಬರೆದಿರುವುದು ಬರೀ ಅಂಕಿ, 20317 ಅಂತ ಯೂಸರಿಗೆ ಒಂದು, ಗ್ರೂಪಿಗೆ ಇನ್ನೊಂದು. ಕರ್ನಲ್‌ಗೆ, ಅಂದರೆ ಲಿನಕ್ಸಿನ ತಿರುಳಿಗೆ ಆ ಅಂಕಿ ಸಾಕು, ಹೆಸರು ಅದಕ್ಕೆ ಗೊತ್ತೇ ಇಲ್ಲ. ಹೆಸರು ಬೇಕಾಗಿರುವುದು ನಮಗೆ. ಆ ಹೆಸರಿಗಾಗಿ ಯಾರನ್ನು ಮೊದಲು ಕೇಳಬೇಕು, ಆಮೇಲೆ ಯಾರನ್ನು ಅಂತ ಬರೆದಿಟ್ಟ ಚೀಟಿ ಒಂದಿದೆ. ಇಟಿಸಿ ಫೋಲ್ಡರಿನ ಎನ್‌ಎಸ್‌ಸ್ವಿಚ್ ಡಾಟ್ ಕಾನ್ಫ್ ಫೈಲು.

ಇದನ್ನು ಕಣ್ಣಾರೆ ನೋಡಬೇಕಾದರೆ ಅದೇ ಫೋಲ್ಡರಿಗೆ ಹೋಗಿ ‘ಎಲ್‌ಎಸ್ -ಎಲ್’ ಬದಲು ‘ಎಲ್‌ಎಸ್ -ಎನ್’ ಕೊಡಿ. ಇದು ಹೆಸರು ಕೇಳಲು ಹೋಗುವುದಿಲ್ಲ, ಅಂಕಿಯನ್ನೇ ತೋರಿಸುತ್ತದೆ. ಪಟ್ಟಿ ಚಕ್ಕನೆ ಬಂತು ಅಂದರೆ ಡಿಸ್ಕು, ನೆಟ್‌ವರ್ಕು, ಫೈಲ್ ಸರ್ವರ್ ಮೂರೂ ನಿರಪರಾಧಿಗಳು. ತಡ ಆಗುತ್ತಿರುವುದು ಹೆಸರು ಹುಡುಕುವುದರಲ್ಲಿ ಮಾತ್ರ. ಇದೂ ನಿಧಾನ ಆದರೆ ನೀವು ಬೇರೆ ಕಡೆ ಹುಡುಕಬೇಕು, ಮುಂದಿನದನ್ನು ಓದುವುದೇ ಬೇಡ.

ಚಕ್ಕನೆ ಬಂತು ಅಂತ ಇಟ್ಟುಕೊಳ್ಳೋಣ. ಈಗ ಒಂದು ನೋಟ್‌ಬುಕ್ ತೆಗೆದುಕೊಂಡು ಒಬ್ಬ ವಿದ್ಯಾರ್ಥಿಯ ಖಾತೆ ಹಿಡಿದು ಮೂರು ಪ್ರಶ್ನೆ ಕೇಳಿ, ಪ್ರತಿ ಸಲ ಆಜ್ಞೆಯ ಶುರುವಿನಲ್ಲಿ ‘ಟೈಮ್’ ಅಂತ ಸೇರಿಸಿ, ಬಂದ ಸೆಕೆಂಡುಗಳನ್ನು ಬರೆದುಕೊಳ್ಳಿ. ‘ಗೆಟ್‌ಎಂಟ್ ಪಾಸ್‌ಡಬ್ಲ್ಯುಡಿ’ ಮುಂದೆ ಆ ಹೆಸರು. ಆಮೇಲೆ ಅದೇ ಆಜ್ಞೆ, ಹೆಸರಿನ ಜಾಗದಲ್ಲಿ ಅವನ ಅಂಕಿ. ಕೊನೆಗೆ ‘ಐಡಿ’ ಮುಂದೆ ಹೆಸರು. ಮೂರೂ ಒಂದೇ ಥರ ಕಾಣುತ್ತವೆ, ಆದರೆ ಮೂರೂ ಬೇರೆ. ಮೊದಲನೆಯದು ಹೆಸರಿನಿಂದ ಹುಡುಕುತ್ತದೆ, ಎರಡನೆಯದು ಅಂಕಿಯಿಂದ, ಮೂರನೆಯದು ಅವನು ಯಾವ ಯಾವ ಗ್ರೂಪಿನಲ್ಲಿದ್ದಾನೆ ಅಂತ ಎಲ್ಲವನ್ನೂ ಜಾಲಾಡುತ್ತದೆ. ಲಾಗಿನ್ ಆಗುವಾಗ ನಡೆಯುವುದು ಈ ಮೂರನೆಯ ಥರದ ಹುಡುಕಾಟವೇ. ಹಾಗಾಗಿ ಮೊದಲ ಎರಡು ಬೇಗ ಆಗಿ ಮೂರನೆಯದು ತಡ ಆದರೆ ತೊಂದರೆ ಗ್ರೂಪಿನ ಕಡೆ. ಮೂರೂ ಸರಿಸಮ ತಡ ಆದರೆ ತೊಂದರೆ ದಾರಿಯಲ್ಲಿ, ಅಂದರೆ ಸರ್ವರನ್ನು ತಲುಪುವುದರಲ್ಲೇ.

ಇನ್ನೂ ಒಂದು ಹೆಜ್ಜೆ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಗೆಟ್‌ಎಂಟ್‌ಗೆ ‘-ಎಸ್’ ಕೊಟ್ಟು ಪಕ್ಕದಲ್ಲಿ ‘ಫೈಲ್ಸ್’ ಅಂತ ಬರೆದರೆ ಆ ಕಂಪ್ಯೂಟರಿನ ಸ್ವಂತ ಪಟ್ಟಿಯನ್ನು ಮಾತ್ರ ನೋಡುತ್ತದೆ. ‘ಎಲ್‌ಡ್ಯಾಪ್’ ಅಂತ ಬರೆದರೆ ಸರ್ವರನ್ನು ಮಾತ್ರ ಕೇಳುತ್ತದೆ. ಎನ್‌ಎಸ್‌ಸ್ವಿಚ್ ಚೀಟಿಯಲ್ಲಿ ಎಷ್ಟು ಹೆಸರುಗಳಿವೆಯೋ ಅಷ್ಟನ್ನೂ ಒಂದೊಂದಾಗಿ ಹೀಗೆ ಕೇಳಿ ನೋಡಿ. ಹಳೆಯ ಲ್ಯಾಬುಗಳಲ್ಲಿ ಆ ಚೀಟಿಯಲ್ಲಿ ‘ಎನ್‌ಐಎಸ್’ ಅಂತ ಹಿಂದಿನ ಕಾಲದ ಖಾತೆ ಸರ್ವರಿನ ಪದ ಇನ್ನೂ ಉಳಿದಿರುತ್ತದೆ. ಆ ಸರ್ವರ್ ಎಂದೋ ಗುಜರಿಗೆ ಹೋಗಿರುತ್ತದೆ, ಆದರೆ 60 ಕಂಪ್ಯೂಟರುಗಳು ದಿನವಿಡೀ ಅದನ್ನೇ ಕೇಳುತ್ತಿರುತ್ತವೆ.

ಈಗ ನಿಮ್ಮ 10 ಮತ್ತು 20 ಸೆಕೆಂಡಿನ ಮಾತು. ಪತ್ರದಲ್ಲಿ ಅದನ್ನು ಓದಿದ ಕೂಡಲೇ ನನಗೆ ಅನುಮಾನ ಬಂದದ್ದು ಡಿಎನ್‌ಎಸ್ ಮೇಲೆ. ಎಲ್‌ಡ್ಯಾಪ್ ಸರ್ವರಿನಂಥ ಕಂಪ್ಯೂಟರಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವುದು ಇದು. ಲಿನಕ್ಸ್ ಒಂದು ಡಿಎನ್‌ಎಸ್ ಸರ್ವರನ್ನು ಕೇಳಿ ಉತ್ತರ ಬರದಿದ್ದರೆ 5 ಸೆಕೆಂಡು ಕಾಯುತ್ತದೆ, ಆಮೇಲೆ ಪಟ್ಟಿಯಲ್ಲಿರುವ ಮುಂದಿನದನ್ನು ಕೇಳುತ್ತದೆ. ಯಾರೂ ಉತ್ತರ ಕೊಡದಿದ್ದರೆ ಎರಡನೇ ಸುತ್ತು. ನಾವು ಬದಲಿಸದಿದ್ದರೆ ಇರುವ ಲೆಕ್ಕ ಇದು. ಅದಕ್ಕೇ ತಡ 5, 10, 15, 20 ಹೀಗೆ ಐದರ ಮಗ್ಗಿಯಲ್ಲಿ ಬಂದರೆ ನಾನು ಎಲ್‌ಡ್ಯಾಪ್ ಸರ್ವರಿನ ಕಡೆ ತಿರುಗಿಯೂ ನೋಡುವುದಿಲ್ಲ, ಸೀದಾ ಡಿಎನ್‌ಎಸ್ ಸರ್ವರುಗಳ ಪಟ್ಟಿ ಇರುವ ರಿಸಾಲ್ವ್ ಡಾಟ್ ಕಾನ್ಫ್ ಫೈಲು ತೆರೆಯುತ್ತೇನೆ. ಸರ್ವರ್ ತುಂಬಿ ನಿಧಾನ ಆದರೆ ತಡ ಒಮ್ಮೆ 3.2, ಒಮ್ಮೆ 7.8 ಹೀಗೆ ಏರಿಳಿಯುತ್ತದೆ. ದುಂಡು ಅಂಕಿ ಬಂತು ಅಂದರೆ ಎಲ್ಲೋ ಒಂದು ಗಡಿಯಾರ ಗಡುವು ಮುಗಿಸುತ್ತಿದೆ ಅಂತ ಅರ್ಥ.

ವಿಜಯಪುರದ ಒಂದು ಲ್ಯಾಬಿನಲ್ಲಿ ನಾನು ಇದಕ್ಕಾಗಿ ಎರಡು ದಿನ ಕೂತಿದ್ದೆ. ಎಲ್‌ಡ್ಯಾಪ್ ಸರ್ವರಿನಲ್ಲೇ ಕೂತು ಕೇಳಿದರೆ ಉತ್ತರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ, ಲ್ಯಾಬಿನಿಂದ ಕೇಳಿದರೆ 10 ಸೆಕೆಂಡು. ಎರಡನೇ ದಿನ ಸಂಜೆ ‘ಎಸ್‌ಟ್ರೇಸ್’ ಹಾಕಿ ನೋಡಿದೆ. ಇದು ಒಂದು ಪ್ರೋಗ್ರಾಮ್ ಕರ್ನಲ್‌ಗೆ ಏನೇನು ಕೇಳುತ್ತಿದೆ ಅಂತ ಸಾಲುಸಾಲಾಗಿ ತೋರಿಸುತ್ತದೆ, ‘-ಟಿಟಿ’ ಕೊಟ್ಟರೆ ಪ್ರತಿ ಸಾಲಿನ ಮುಂದೆ ಗಂಟೆ, ನಿಮಿಷ, ಸೆಕೆಂಡು ಬರೆಯುತ್ತದೆ. ನಾನು ಹಾಕಿದ್ದು ಎನ್‌ಎಸ್‌ಎಲ್‌ಸಿಡಿಗೇ, ಯಾಕೆಂದರೆ ಸರ್ವರನ್ನು ಕೇಳಲು ಹೋಗುವುದು ಅದೇ. ಸಾಲುಗಳು ಸರಸರ ಓಡಿದವು. ಒಂದು ಸಾಲಿನಲ್ಲಿ ಪೋರ್ಟ್ 53 ಅಂತ ಬಂತು, ಅದು ಡಿಎನ್‌ಎಸ್ ಬಾಗಿಲು. ಅಲ್ಲಿ ನಿಂತಿತು. ನಾನು ಮನಸ್ಸಿನಲ್ಲೇ ಎಣಿಸಿದೆ, ಒಂದು, ಎರಡು, ಮೂರು, ನಾಲ್ಕು, ಐದು. ಮತ್ತೆ ಓಡಿತು. ಇನ್ನೊಂದು ಪ್ರಶ್ನೆಗೆ ಮತ್ತೆ ಅಲ್ಲೇ ಐದು. ರಿಸಾಲ್ವ್ ಫೈಲಿನ ಮೊದಲ ಸಾಲಿನಲ್ಲಿದ್ದ ವಿಳಾಸ, ಹಿಂದಿನ ವರ್ಷ ತೆಗೆದುಹಾಕಿದ ರೂಟರಿನದು. ಎರಡನೇ ಸಾಲಿನ ಸರ್ವರ್ ಜೀವಂತ ಇದ್ದದ್ದರಿಂದ ಎಲ್ಲವೂ ಕೊನೆಗೆ ನಡೆಯುತ್ತಿತ್ತು, ನಡೆಯುತ್ತಿದ್ದದ್ದರಿಂದಲೇ ಯಾರಿಗೂ ಅನುಮಾನ ಬಂದಿರಲಿಲ್ಲ. ಒಂದು ಸಾಲು ಅಳಿಸಿದೆವು. ಒಂದು ವರ್ಷ ಆ ಹುಡುಗರು ಪ್ರತಿ ಲಾಗಿನ್ನಿಗೆ 10 ಸೆಕೆಂಡು ಕಳೆದುಕೊಂಡಿದ್ದರು ಅಂತ ನೆನೆದರೆ ಈಗಲೂ ಬೇಜಾರಾಗುತ್ತದೆ.

ನೀವೂ ಮೊದಲು ಅದನ್ನೇ ನೋಡಿ. ಆ ಫೈಲನ್ನು ನೆಟ್‌ವರ್ಕ್ ಮ್ಯಾನೇಜರೋ, ಕಂಪ್ಯೂಟರುಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯೋ ತಾನೇ ಬರೆಯುತ್ತಿದ್ದರೆ ಕೈಯಿಂದ ತಿದ್ದಿ ಪ್ರಯೋಜನವಿಲ್ಲ, ಮರುದಿನ ಹಳೆಯದೇ ಬರುತ್ತದೆ. ಡಿಎಚ್‌ಸಿಪಿ ಕೊಡುವ ಕಡೆಯೇ ಸರಿಮಾಡಬೇಕು. ಜೊತೆಗೆ ಪ್ರತಿ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ, ಅಂದರೆ ಹೆಸರು-ವಿಳಾಸಗಳ ಸ್ವಂತ ಪಟ್ಟಿಯಲ್ಲಿ ಎಲ್‌ಡ್ಯಾಪ್ ಸರ್ವರಿನ ಹೆಸರನ್ನೂ ಆ ಕಂಪ್ಯೂಟರಿನ ಸ್ವಂತ ಹೆಸರನ್ನೂ ಬರೆದಿಡಿ. ಸ್ವಂತ ಹೆಸರು ಅಲ್ಲಿ ಇಲ್ಲದಿದ್ದರೆ ರೂಟ್ ಅಧಿಕಾರದಲ್ಲಿ ಆಜ್ಞೆ ಓಡಿಸಲು ‘ಸುಡೋ’ ಕೊಟ್ಟಾಗಲೂ (ರೂಟ್ ಅಂದರೆ ಎಲ್ಲಾ ಅಧಿಕಾರ ಇರುವ ಖಾತೆ) ಇದೇ ಥರ ಸೆಕೆಂಡುಗಟ್ಟಲೆ ನಿಲ್ಲುತ್ತದೆ.

ಡಿಎನ್‌ಎಸ್ ಸರಿ ಇದ್ದೂ ತಡ ಆದರೆ ಎಲ್‌ಡ್ಯಾಪ್ ಸರ್ವರಿನ ಇಂಡೆಕ್ಸ್ ನೋಡಿ. ಹುಡುಗರ ಖಾತೆ ಸಾವಿರ ದಾಟಿದ ಮೇಲೆ ಇಂಡೆಕ್ಸ್ ಇಲ್ಲದ ಹುಡುಕಾಟ ಅಂದರೆ ರಿಜಿಸ್ಟರಿನ ಪ್ರತಿ ಪುಟ ತಿರುವಿ ನೋಡಿದ ಹಾಗೆ. ಯುಐಡಿ, ಯುಐಡಿ ನಂಬರ್, ಜಿಐಡಿ ನಂಬರ್, ಮೆಂಬರ್ ಯುಐಡಿ, ಆಬ್ಜೆಕ್ಟ್ ಕ್ಲಾಸ್, ಈ ಐದಕ್ಕೂ ಇಂಡೆಕ್ಸ್ ಇರಲೇಬೇಕು. ಬಹಳ ಕಡೆ ಯುಐಡಿಗೆ, ಅಂದರೆ ಯೂಸರ್ ಹೆಸರಿಗೆ ಮಾತ್ರ ಇರುತ್ತದೆ, ಅದಕ್ಕೇ ಹೆಸರಿನಿಂದ ಕೇಳಿದರೆ ಬೇಗ, ಅಂಕಿಯಿಂದ ಕೇಳಿದರೆ ತಡ. ನಿಮ್ಮದು ಓಪನ್ ಎಲ್‌ಡ್ಯಾಪ್ ಅನ್ನುವ ಸರ್ವರ್ ಪ್ರೋಗ್ರಾಮ್ ಆದರೆ ಅದರ ಲಾಗ್ ಫೈಲಿನಲ್ಲೇ ‘ನಾಟ್ ಇಂಡೆಕ್ಸ್ಡ್’ ಅಂತ ಹೆಸರು ಸಮೇತ ಬರೆದಿರುತ್ತದೆ, ತೆರೆದು ಓದಿ. ಹಳೆಯ ಥರದ ಸೆಟ್ಟಿಂಗ್ ಫೈಲ್ ಬಳಸುತ್ತಿದ್ದರೆ ಸರ್ವರ್ ನಿಲ್ಲಿಸಿ ಇಂಡೆಕ್ಸ್ ಕಟ್ಟುವ ‘ಸ್ಲ್ಯಾಪ್‌ಇಂಡೆಕ್ಸ್’ ಓಡಿಸಬೇಕು. ಅದನ್ನು ರೂಟ್ ಆಗಿ ಓಡಿಸಬೇಡಿ, ಎಲ್‌ಡ್ಯಾಪ್ ಯಾವ ಖಾತೆಯಲ್ಲಿ ನಡೆಯುತ್ತದೋ ಆ ಖಾತೆಯಲ್ಲೇ ಓಡಿಸಿ. ಇಲ್ಲದಿದ್ದರೆ ಫೈಲುಗಳ ಒಡೆತನ ಬದಲಾಗಿ ಸರ್ವರ್ ಮತ್ತೆ ಏಳುವುದಿಲ್ಲ, ಪರೀಕ್ಷೆಯ ಮುಂಚಿನ ದಿನ ಹಾಗಾಗುವುದು ಬೇಡ.

ಇನ್ನು ಆ ಫೋಲ್ಡರಿನ ವಿಷಯ. ಪಾಸಾಗಿ ಹೋದ ಹುಡುಗರ ಖಾತೆಗಳನ್ನು ಪ್ರತಿ ವರ್ಷ ಅಳಿಸುತ್ತೀರಿ ಅಲ್ವಾ? ಅವರ ಫೈಲುಗಳನ್ನು ಅಳಿಸಿದ್ದೀರಾ? ಖಾತೆ ಹೋಗಿ ಫೈಲ್ ಉಳಿದರೆ ಅದರ ಮೇಲಿನ ಅಂಕಿಗೆ ಹೆಸರೇ ಇಲ್ಲ. ಎಲ್‌ಎಸ್ ಪಾಪ ಅದನ್ನು ಸ್ವಂತ ಪಟ್ಟಿಯಲ್ಲಿ ಹುಡುಕುತ್ತದೆ, ಸಿಗುವುದಿಲ್ಲ, ಸರ್ವರಿನಲ್ಲಿ ಹುಡುಕುತ್ತದೆ, ಸಿಗುವುದಿಲ್ಲ. ಉತ್ತರಗಳನ್ನು ಕೂಡಿಟ್ಟುಕೊಳ್ಳುವ ಕ್ಯಾಶ್, ಸಿಕ್ಕ ಉತ್ತರವನ್ನು ಬಹಳ ಹೊತ್ತು ನೆನಪಿಡುತ್ತದೆ, ಆದರೆ ‘ಇಲ್ಲ’ ಅನ್ನುವ ಉತ್ತರವನ್ನು ಕೆಲವೇ ಸೆಕೆಂಡುಗಳಲ್ಲಿ ಮರೆಯುತ್ತದೆ, ಎನ್‌ಎಸ್‌ಸಿಡಿ ಅನ್ನುವ ಕ್ಯಾಶ್ ಪ್ರೋಗ್ರಾಮಿನಲ್ಲಿ ಯೂಸರಿಗೆ ಅದು 20 ಸೆಕೆಂಡು. ಹಾಗಾಗಿ ಪ್ರತಿ ಸಲ ಮೊದಲಿನಿಂದ ಹುಡುಕಾಟ. ಒಂದೇ ಫೋಲ್ಡರಿನಲ್ಲಿ ಇಂಥ 40 ಅಂಕಿಗಳಿದ್ದರೆ 40 ಪ್ರಶ್ನೆ. ‘ಫೈಂಡ್’ ಆಜ್ಞೆಗೆ ಫೋಲ್ಡರ್ ಹೆಸರು ಕೊಟ್ಟು ಮುಂದೆ ‘-ನೋಯೂಸರ್’ ಅಂತ ಸೇರಿಸಿದರೆ ಅಂಥವೆಲ್ಲ ಸಿಗುತ್ತವೆ. ಅವುಗಳನ್ನು ಬೇರೆ ಡಿಸ್ಕಿಗೆ ಹಾಕಿ, ಇಲ್ಲವೇ ಯಾವುದಾದರೂ ಇರುವ ಖಾತೆಯ ಹೆಸರಿಗೆ ಮಾಡಿ. ಈ ಫೈಂಡ್ ಕೂಡ ಹೆಸರು ಹುಡುಕುತ್ತದೆ, ಹಾಗಾಗಿ ಲ್ಯಾಬ್ ಖಾಲಿ ಇರುವಾಗ ಓಡಿಸಿ.

ಕೊನೆಯದಾಗಿ, ಎನ್‌ಎಸ್‌ಎಲ್‌ಸಿಡಿ ತಾನಾಗಿ ಉತ್ತರಗಳನ್ನು ಕೂಡಿಟ್ಟುಕೊಳ್ಳುವುದಿಲ್ಲ. ಜೊತೆಗೆ ಎನ್‌ಎಸ್‌ಸಿಡಿ ಓಡುತ್ತಿರಬೇಕು. ‘ಐಡಿ’ಯನ್ನು ಬೆನ್ನುಬೆನ್ನಿಗೆ ಎರಡು ಸಲ ಕೊಟ್ಟು ನೋಡಿ. ಎರಡನೇ ಸಲವೂ ಮೊದಲಿನಷ್ಟೇ ತಡ ಆದರೆ ಕ್ಯಾಶ್ ಕೆಲಸ ಮಾಡುತ್ತಿಲ್ಲ. ಆದರೆ ಡಿಎನ್‌ಎಸ್ ಸರಿಮಾಡದೆ ಬರೀ ಕ್ಯಾಶ್ ಹಾಕಿ ಸುಮ್ಮನಾಗಬೇಡಿ. ಬೆಳಿಗ್ಗೆ ಮೊದಲ ಬ್ಯಾಚಿನ ಹುಡುಗರು ಹಾಗೆಯೇ ಕಾಯುತ್ತಾರೆ, ಉಳಿದವರಿಗೆ ಮಾತ್ರ ಬೇಗ ಆಗುತ್ತದೆ.

ಪ್ರಶ್ನೆ: ನಮ್ಮದು ಸಹಕಾರಿ ಸಂಸ್ಥೆಯ ಕಚೇರಿ. ಎಲ್ಲರ ಖಾತೆಗಳಿರುವ ವಿಂಡೋಸ್ ಆ್ಯಕ್ಟಿವ್ ಡೈರೆಕ್ಟರಿಗೆ ಸೇರಿಸಿದ ಒಂದು ಲಿನಕ್ಸ್ ಫೈಲ್ ಸರ್ವರ್ ಇದೆ, ಅಲ್ಲಿಂದ ಖಾತೆಗಳ ವಿವರ ತರಲು ಎಸ್‌ಎಸ್‌ಎಸ್‌ಡಿ ಅನ್ನುವ ಪ್ರೋಗ್ರಾಮ್ ಬಳಸುತ್ತೇವೆ. ಅದರೊಳಗೆ ಹೋಗಲು ಕೆಲವರಿಗೆ ಬೇಗ ಆಗುತ್ತದೆ, ನಮ್ಮ ಮ್ಯಾನೇಜರ್ ಸಾಹೇಬರಿಗೆ ಮಾತ್ರ ಬಹಳ ತಡ. ಅವರ ಕಂಪ್ಯೂಟರ್ ಬದಲಿಸಿದರೂ ಹಾಗೆಯೇ. (ವಿಜಯಪುರ)

ಉತ್ತರ: ಕಂಪ್ಯೂಟರ್ ಬದಲಿಸಿದರೂ ಅವರಿಗೇ ತಡ ಅಂದ ಮೇಲೆ ತೊಂದರೆ ಅವರ ಖಾತೆಯ ಜೊತೆ ಓಡಾಡುತ್ತಿದೆ. ಸಾಹೇಬರು ಎಷ್ಟು ಗ್ರೂಪುಗಳಲ್ಲಿದ್ದಾರೆ ಎಣಿಸಿ. ಸಾಲ ವಿಭಾಗ, ಠೇವಣಿ ವಿಭಾಗ, ಆಡಿಟ್, ಎಲ್ಲಾ ಶಾಖೆಗಳು, ಹೀಗೆ ಹಿರಿಯರನ್ನು ಎಲ್ಲ ಕಡೆ ಸೇರಿಸಿರುತ್ತಾರೆ. ಒಂದು ಗ್ರೂಪಿನ ಒಳಗೆ ಇನ್ನೊಂದು ಗ್ರೂಪ್, ಅದರೊಳಗೆ ಮತ್ತೊಂದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಲಿನಕ್ಸಿನಲ್ಲಿ ಒಂದು ಗ್ರೂಪಿನ ಹೆಸರು ಕೇಳಿದರೆ ಬರುವ ಉತ್ತರದಲ್ಲಿ ಹೆಸರು ಮಾತ್ರ ಇರುವುದಿಲ್ಲ. ಆ ಗ್ರೂಪಿನ ಸದಸ್ಯರ ಪಟ್ಟಿಯೂ ಅದೇ ಉತ್ತರದಲ್ಲಿ ಬರಬೇಕು. ‘ಈ ಓಣಿಯ ಹೆಸರೇನು’ ಅಂತ ಕೇಳಿದರೆ ಓಣಿಯ ಮನೆಮನೆಯವರನ್ನೂ ಹೊರಗೆ ಕರೆದು ನಿಲ್ಲಿಸಿದ ಹಾಗೆ. ಐದು ಜನರ ಗ್ರೂಪಾದರೆ ಗೊತ್ತೇ ಆಗುವುದಿಲ್ಲ. ಎರಡು ಸಾವಿರ ಜನರ ಗ್ರೂಪುಗಳು ಹತ್ತಿದ್ದರೆ, ‘ಐಡಿ’ ಕೊಟ್ಟ ಒಂದೇ ಮಾತಿಗೆ ಎಸ್‌ಎಸ್‌ಎಸ್‌ಡಿ ಅಷ್ಟೂ ಜನರ ವಿವರ ತರಲು ಓಡುತ್ತದೆ.

ಎಸ್‌ಎಸ್‌ಎಸ್‌ಡಿ ಸೆಟ್ಟಿಂಗಿನಲ್ಲಿ ನಿಮ್ಮ ಡೊಮೇನಿನ ಭಾಗಕ್ಕೆ ಹೋಗಿ ‘ಇಗ್ನೋರ್ ಗ್ರೂಪ್ ಮೆಂಬರ್ಸ್’ ಅನ್ನುವುದನ್ನು ‘ಟ್ರೂ’ ಮಾಡಿ, ಪದಗಳ ನಡುವೆ ಅಂಡರ್‌ಸ್ಕೋರ್ ಬರುತ್ತದೆ. ಇದರಿಂದ ಸದಸ್ಯರ ಪಟ್ಟಿ ತರುವುದು ನಿಲ್ಲುತ್ತದೆ. ಸಾಹೇಬರು ಯಾವ ಗ್ರೂಪಿನಲ್ಲಿದ್ದಾರೆ ಅನ್ನುವ ಲೆಕ್ಕ ಮಾತ್ರ ಹಾಗೆಯೇ ಇರುತ್ತದೆ, ಫೈಲುಗಳ ಅನುಮತಿಗೆ ಏನೂ ಆಗುವುದಿಲ್ಲ. ಆದರೆ ‘ಗೆಟ್‌ಎಂಟ್ ಗ್ರೂಪ್’ ಕೊಟ್ಟು ಸದಸ್ಯರನ್ನು ಓದುವ ಸ್ಕ್ರಿಪ್ಟ್ ಯಾವುದಾದರೂ ನಿಮ್ಮಲ್ಲಿದ್ದರೆ ಅದಕ್ಕೆ ಖಾಲಿ ಪಟ್ಟಿ ಸಿಗುತ್ತದೆ, ಮೊದಲೇ ನೋಡಿಕೊಳ್ಳಿ. ಅಲ್ಲೇ ‘ಎನ್ಯೂಮರೇಟ್’ ಅನ್ನುವ ಸಾಲಿದೆಯಾ ನೋಡಿ. ಯಾರಾದರೂ ಅದನ್ನು ಟ್ರೂ ಮಾಡಿದ್ದರೆ ತೆಗೆಯಿರಿ. ಅದು ಡೈರೆಕ್ಟರಿಯ ಎಲ್ಲಾ ಖಾತೆಗಳನ್ನು ಆಗಾಗ ಪೂರ್ತಿ ಎಳೆದು ತರುತ್ತದೆ, ಸಣ್ಣ ಲ್ಯಾಬಿಗೆ ಪರವಾಗಿಲ್ಲ, ನಿಮ್ಮಂಥ ಕಡೆ ಬೇಡ.

ಇನ್ನೊಂದು ಮಾತು, ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ನಿಮ್ಮ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆಯಾ? ಶಾಖೆಯಲ್ಲೇ ಒಂದು ಡೊಮೇನ್ ಕಂಟ್ರೋಲರ್, ಅಂದರೆ ಆ್ಯಕ್ಟಿವ್ ಡೈರೆಕ್ಟರಿಯ ಸರ್ವರ್ ಇಟ್ಟಿದ್ದರೂ, ವಿಜಯಪುರದ ಐಪಿ ಸಾಲನ್ನು ಆ್ಯಕ್ಟಿವ್ ಡೈರೆಕ್ಟರಿಯ ‘ಸೈಟ್ಸ್’ ಪಟ್ಟಿಗೆ ಸೇರಿಸದಿದ್ದರೆ ನಿಮ್ಮ ಸರ್ವರಿಗೆ ಹತ್ತಿರದ್ದು ಯಾವುದು ಅಂತ ತಿಳಿಯುವುದಿಲ್ಲ. ಪಕ್ಕದ ಕೋಣೆಯಲ್ಲಿ ಉತ್ತರ ಇಟ್ಟುಕೊಂಡು ಐನೂರು ಕಿಲೋಮೀಟರ್ ದೂರಕ್ಕೆ ಕೇಳಲು ಹೋಗುತ್ತದೆ. ಮುಖ್ಯ ಕಚೇರಿಯವರಿಗೆ ಹೇಳಿ ಅದನ್ನು ಸೇರಿಸಿಸಿ, ಐದು ನಿಮಿಷದ ಕೆಲಸ.

ಪ್ರಶ್ನೆ: ನಮ್ಮದು ಉದ್ಯಮಬಾಗದಲ್ಲಿ ಸಣ್ಣ ಕಾರ್ಖಾನೆ. ಡ್ರಾಯಿಂಗ್ ಮಾಡುವ 12 ಲಿನಕ್ಸ್ ಕಂಪ್ಯೂಟರ್ ಇವೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಎಲ್‌ಡ್ಯಾಪ್ ಸರ್ವರ್ ಆಫ್ ಆದರೆ 12 ಕಂಪ್ಯೂಟರೂ ಹೆಪ್ಪುಗಟ್ಟುತ್ತವೆ. ರೂಟ್ ಆಗಿ ಒಳಗೆ ಹೋಗಲೂ ಬಿಡುವುದಿಲ್ಲ. ರೂಟ್ ಖಾತೆ ಅದೇ ಕಂಪ್ಯೂಟರಿನಲ್ಲಿದೆಯಲ್ಲ, ಅದಕ್ಕೆ ಸರ್ವರ್ ಯಾಕೆ ಬೇಕು? (ಬೆಳಗಾವಿ)

ಉತ್ತರ: ನಿಮ್ಮ ಕೊನೆಯ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ರೂಟ್ ಖಾತೆ ಅಲ್ಲೇ ಇದೆ, ಪಾಸ್‌ವರ್ಡೂ ಅಲ್ಲೇ ಇದೆ. ಆದರೆ ಲಾಗಿನ್ ಆಗುವಾಗ ‘ಇವನು ಬೇರೆ ಯಾವ ಗ್ರೂಪಿನಲ್ಲಾದರೂ ಇದ್ದಾನಾ’ ಅನ್ನುವ ಪ್ರಶ್ನೆ ಬರುತ್ತದೆ. ಖಾತೆ ಹುಡುಕುವಾಗ ಮೊದಲ ಕಡೆ ಸಿಕ್ಕ ಕೂಡಲೇ ಹುಡುಕಾಟ ನಿಲ್ಲುತ್ತದೆ, ಗ್ರೂಪ್ ವಿಷಯದಲ್ಲಿ ಹಾಗಲ್ಲ. ಒಂದು ಕಡೆ ನಾಲ್ಕು ಗ್ರೂಪ್ ಸಿಕ್ಕರೂ ಇನ್ನೊಂದು ಕಡೆ ಎರಡು ಇರಬಹುದಲ್ಲ, ಅದಕ್ಕೆ ಚೀಟಿಯಲ್ಲಿರುವ ಎಲ್ಲರನ್ನೂ ಕೇಳುತ್ತದೆ. ಸರ್ವರ್ ಸತ್ತಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಎನ್‌ಎಸ್‌ಎಲ್‌ಸಿಡಿ ಬಳಸುತ್ತಿದ್ದರೆ ಅದರ ಸೆಟ್ಟಿಂಗಿನಲ್ಲಿ ‘ಎನ್‌ಎಸ್‌ಎಸ್ ಇನಿಟ್‌ಗ್ರೂಪ್ಸ್ ಇಗ್ನೋರ್‌ಯೂಸರ್ಸ್’ ಅಂತ ಒಂದು ಆಯ್ಕೆ ಇದೆ. ಮುಂದೆ ‘ಆಲ್‌ಲೋಕಲ್’ ಅಂತ ದೊಡ್ಡಕ್ಷರದಲ್ಲಿ ಬರೆಯಿರಿ. ಆ ಕಂಪ್ಯೂಟರಿನ ಸ್ವಂತ ಖಾತೆಗಳಿಗೆಲ್ಲ ಸರ್ವರನ್ನು ಕೇಳಬೇಡ ಅಂತ ಅದರ ಅರ್ಥ. ಸರ್ವರಿನ ಸಂಪರ್ಕಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವ ‘ಬೈಂಡ್ ಟೈಮ್‌ಲಿಮಿಟ್’ ಕೂಡ ನೋಡಿ. ಬದಲಿಸದಿದ್ದರೆ ಅದು 10 ಸೆಕೆಂಡು, ಒಂದೇ ಕಟ್ಟಡದೊಳಗಿನ ನೆಟ್‌ವರ್ಕಿಗೆ 3 ಸಾಕು.

ಎಸ್‌ಎಸ್‌ಎಸ್‌ಡಿಗೆ ಬದಲಾಗಲು ಸಾಧ್ಯವಿದ್ದರೆ ಬದಲಾಗಿ, ನಿಮ್ಮಂಥವರಿಗೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅದು ರೂಟ್ ಬಗ್ಗೆ ಸರ್ವರನ್ನು ಕೇಳುವುದೇ ಇಲ್ಲ. ಸರ್ವರ್ ಸತ್ತಿದೆ ಅಂತ ತಿಳಿದರೆ ತಾನೇ ಆಫ್‌ಲೈನ್ ಆಗಿ ಕೂಡಿಟ್ಟ ಉತ್ತರಗಳಿಂದ ಕೆಲಸ ನಡೆಸುತ್ತದೆ. ‘ಕ್ಯಾಶ್ ಕ್ರೆಡೆನ್ಷಿಯಲ್ಸ್’ ಅನ್ನುವುದನ್ನು ಟ್ರೂ ಮಾಡಿದರೆ, ಮೊದಲು ಒಮ್ಮೆ ಲಾಗಿನ್ ಆಗಿದ್ದವರು ಸರ್ವರ್ ಇಲ್ಲದಾಗಲೂ ಒಳಗೆ ಬರಬಹುದು. ಇದು ತಾನಾಗಿ ಆನ್ ಇರುವುದಿಲ್ಲ, ನೀವೇ ಹಾಕಬೇಕು.

ಸರಿಮಾಡಿದ ಮೇಲೆ ಒಂದು ರಜೆಯ ದಿನ ಸರ್ವರಿನ ನೆಟ್‌ವರ್ಕ್ ವೈರ್ ಕಿತ್ತು ಪರೀಕ್ಷೆ ಮಾಡಿ. ಕರೆಂಟ್ ಹೋಗುವ ತನಕ ಕಾಯಬೇಡಿ. ಮತ್ತೆ ಸರ್ವರಿಗೊಂದು ಯುಪಿಎಸ್ ಹಾಕಿಸಿ, ಅದರ ಜೊತೆ ಸ್ವಿಚ್ಚಿಗೂ. ಸರ್ವರ್ ಜೀವಂತ ಇದ್ದು ಸ್ವಿಚ್ ಸತ್ತರೆ ಫಲ ಒಂದೇ.

ಪ್ರಶ್ನೆ: ಒಬ್ಬರನ್ನು ಲೆಕ್ಕಪತ್ರದ ಗ್ರೂಪಿನಿಂದ ತೆಗೆದು ಒಂದು ಗಂಟೆಯಾದರೂ ಅವರು ಆ ಫೈಲುಗಳನ್ನು ತೆರೆಯುತ್ತಿದ್ದರು. ವೇಗ ಬರಲಿ ಅಂತ ಎಸ್‌ಎಸ್‌ಎಸ್‌ಡಿ ಮತ್ತು ಎನ್‌ಎಸ್‌ಸಿಡಿ ಎರಡೂ ಹಾಕಿದ್ದೆ. ತಪ್ಪಾಯಿತಾ? (ಜಮಖಂಡಿ)

ಉತ್ತರ: ಹೌದು, ಎರಡೂ ಒಂದೇ ಕೆಲಸಕ್ಕೆ ಬೇಡ. ಎಸ್‌ಎಸ್‌ಎಸ್‌ಡಿ ಒಂದು ಉತ್ತರವನ್ನು 5400 ಸೆಕೆಂಡು, ಅಂದರೆ ಒಂದೂವರೆ ಗಂಟೆ ನಂಬುತ್ತದೆ. ಅದರ ಮೇಲೆ ಎನ್‌ಎಸ್‌ಸಿಡಿ ತನ್ನದೇ ಲೆಕ್ಕದಲ್ಲಿ ಗ್ರೂಪಿಗೆ 3600 ಸೆಕೆಂಡು ಇಟ್ಟುಕೊಳ್ಳುತ್ತದೆ. ಹಳೆಯ ಉತ್ತರದ ಮೇಲೆ ಇನ್ನೊಂದು ಹಳೆಯ ಉತ್ತರ. ಎನ್‌ಎಸ್‌ಸಿಡಿಯಲ್ಲಿ ಪಾಸ್‌ಡಬ್ಲ್ಯುಡಿ ಮತ್ತು ಗ್ರೂಪ್ ಎರಡನ್ನೂ ‘ನೋ’ ಮಾಡಿ, ಅಥವಾ ಅದನ್ನು ಪೂರ್ತಿ ನಿಲ್ಲಿಸಿ. ಬೇಗ ತಿಳಿಯಬೇಕಾದ ಬದಲಾವಣೆ ಮಾಡಿದಾಗ ‘ಎಸ್‌ಎಸ್‌ಎಸ್ ಕ್ಯಾಶ್’ ಆಜ್ಞೆಗೆ ದೊಡ್ಡಕ್ಷರದ ‘-ಇ’ ಕೊಡಿ, ಎಲ್ಲಾ ಉತ್ತರಗಳೂ ಹಳೆಯವು ಅಂತ ಗುರುತು ಬೀಳುತ್ತದೆ. ಡೇಟಾಬೇಸ್ ಫೈಲುಗಳನ್ನೇ ಅಳಿಸುವ ಅಭ್ಯಾಸ ಬೇಡ, ಆಫ್‌ಲೈನ್ ಲಾಗಿನ್ನಿಗೆ ಇಟ್ಟದ್ದೂ ಅದರ ಜೊತೆ ಹೋಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಬ್ಬರು ಲಾಗಿನ್ ಆದಾಗ ಯಾವ ಗ್ರೂಪುಗಳಿದ್ದವೋ ಅವು ಅವರ ಪ್ರೋಗ್ರಾಮುಗಳಿಗೆ ಅಂಟಿಕೊಂಡಿರುತ್ತವೆ. ಕ್ಯಾಶ್ ಖಾಲಿ ಮಾಡಿದರೂ ಅವರು ಲಾಗೌಟ್ ಆಗಿ ಮತ್ತೆ ಬರುವ ತನಕ ಹಳೆಯ ಅನುಮತಿಯೇ ನಡೆಯುತ್ತದೆ. ಲೆಕ್ಕಪತ್ರದಂಥ ವಿಷಯದಲ್ಲಿ ಗ್ರೂಪಿನಿಂದ ತೆಗೆದ ಕೂಡಲೇ ಅವರ ಸೆಷನ್ ಮುಗಿಸಿ.

ಪ್ರಶ್ನೆ: ವಿಂಡೋಸ್‌ನಲ್ಲಿ ಫೋಲ್ಡರಿನ ಸೆಕ್ಯುರಿಟಿ ಟ್ಯಾಬ್ ತೆರೆದರೆ ಹೆಸರಿನ ಬದಲು ಎಸ್-1-5-21 ಅಂತ ಉದ್ದನೆಯ ಅಂಕಿ ಬರುತ್ತದೆ. ಬಹಳ ಹೊತ್ತಿನ ಮೇಲೆ ಕೆಲವು ಹೆಸರಾಗುತ್ತವೆ, ಕೆಲವು ಹಾಗೆಯೇ ಉಳಿಯುತ್ತವೆ. ವೈರಸ್ಸಾ? (ಗೋಕಾಕ)

ಉತ್ತರ: ವೈರಸ್ ಅಲ್ಲ, ಹೆದರಬೇಡಿ. ಮೇಲೆ ಹೇಳಿದ ಸರ್ವೆ ನಂಬರಿನ ಕಥೆಯೇ ಇಲ್ಲೂ. ವಿಂಡೋಸ್ ಇಟ್ಟುಕೊಳ್ಳುವುದು ಆ ಉದ್ದನೆಯ ಅಂಕಿ, ಹೆಸರನ್ನು ಡೊಮೇನ್ ಕಂಟ್ರೋಲರಿನಿಂದ ಕೇಳಿ ತರುತ್ತದೆ. ಕೊನೆಯವರೆಗೂ ಅಂಕಿಯಾಗಿಯೇ ಉಳಿದವು ಹೆಚ್ಚಾಗಿ ಅಳಿಸಿಹೋದ ಖಾತೆಗಳದ್ದು. ಖಾತೆ ನಿಜವಾಗಿ ಇಲ್ಲ ಅಂತ ಖಚಿತ ಮಾಡಿಕೊಂಡು ಆ ಸಾಲುಗಳನ್ನು ತೆಗೆಯಿರಿ, ಮುಂದೆ ಅನುಮತಿಯನ್ನು ಒಬ್ಬೊಬ್ಬರಿಗೆ ಕೊಡದೆ ಗ್ರೂಪಿಗೆ ಕೊಡಿ. ಹೆಸರಾಗಲು ತಡ ಮಾಡುವವುಗಳಿಗೆ ಕಂಪ್ಯೂಟರಿನ ಡಿಎನ್‌ಎಸ್ ನೋಡಿ. ಡೊಮೇನಿಗೆ ಸೇರಿದ ಕಂಪ್ಯೂಟರಿನಲ್ಲಿ ಡೊಮೇನಿನ ಡಿಎನ್‌ಎಸ್ ಮಾತ್ರ ಇರಬೇಕು. ಇಂಟರ್ನೆಟ್ ಬೇಗ ಬರಲಿ ಅಂತ ಎರಡನೆಯದಾಗಿ ಗೂಗಲ್‌ನ ಡಿಎನ್‌ಎಸ್ 8.8.8.8 ಹಾಕಿರುತ್ತಾರೆ, ಅದಕ್ಕೆ ನಿಮ್ಮ ಡೊಮೇನ್ ಯಾವುದು ಅಂತ ಗೊತ್ತೇ ಇಲ್ಲ.

ಪುಟ ಅಚ್ಚಿಗೆ ಹೋಗುವ ಮುಂಚೆ ನವನಗರದವರಿಗೆ ಮೊದಲ ಉತ್ತರ ಕಳಿಸಿದ್ದೆ, ಪರೀಕ್ಷೆ ಹತ್ತಿರ ಇತ್ತಲ್ಲ. ಅವರು ನೋಟ್‌ಬುಕ್ಕಿನ ಪುಟದ ಫೋಟೋ ಕಳಿಸಿದ್ದಾರೆ. ನೀಲಿ ಪೆನ್ನಿನಲ್ಲಿ ಕಂಪ್ಯೂಟರ್ ನಂಬರ್, ಪಕ್ಕದಲ್ಲಿ ಮುಂಚೆ ಎಷ್ಟು, ಆಮೇಲೆ ಎಷ್ಟು. ರಿಸಾಲ್ವ್ ಫೈಲಿನ ಮೊದಲ ಸಾಲಿನಲ್ಲಿ ಹಳೆಯ ವಿಳಾಸವೇ ಇತ್ತಂತೆ. 57 ಕಂಪ್ಯೂಟರುಗಳಲ್ಲಿ ‘ಐಡಿ’ಗೆ ಈಗ ಒಂದು ಸೆಕೆಂಡೂ ಬೇಡ. 14, 15 ಮತ್ತು 41ನೇ ನಂಬರಿನಲ್ಲಿ ಇನ್ನೂ 10 ಸೆಕೆಂಡು ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಆ ಮೂರಕ್ಕೆ ಐಪಿಯನ್ನು ಯಾರೋ ಕೈಯಿಂದ ಹಾಕಿರಬೇಕು, ಡಿಎಚ್‌ಸಿಪಿಯ ಬದಲಾವಣೆ ಅವುಗಳಿಗೆ ತಲುಪಿರುವುದಿಲ್ಲ. ಅಲ್ಲಿ ಹೋಗಿ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಸಾಲನ್ನು ನೀವೇ ತಿದ್ದಿ, ಆಮೇಲೆ ಆ ಮೂರರ ಅಂಕಿಯನ್ನೂ ಕಳಿಸಿ.